ಅರ್ಧ ನೂಲು ಕೊಸರು

ಕೆಂಪಸಿದ್ದಯ್ಯನ ಮೇಲೆ ನಾನು ರೇಗಿದ್ದಕ್ಕೆ ಲೆಕ್ಕವಿಲ್ಲ. ಸೋಮನಹಳ್ಳಿಯಲ್ಲಿ ಹೆದ್ದಾರಿ ಪಕ್ಕಕ್ಕೆ ಅವನ ಲೇತ್ ಶೆಡ್ಡು. ಎದುರಿನ ಟೀ ಅಂಗಡಿಯವನು ನನ್ನ ಸ್ಕೂಟರು ಕಂಡ ಕೂಡಲೇ, "ಸಿದ್ದಯ್ಯಣ್ಣೋ, ನಿನ್ ಗ್ರಾಚಾರ ಬಂತು ಎದ್ದೇಳು" ಎಂದು ಕೂಗುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ಒಂದೇ ಕೆಲಸಕ್ಕೆ ಜೋತುಬಿದ್ದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಮಂಡ್ಯದ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಪ್ರಯೋಗಾಲಯ, ಸಂಜೆ ಸೋಮನಹಳ್ಳಿ. ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಮಾತಾಡುವ ಶಕ್ತಿಯೂ ಉಳಿದಿರುತ್ತಿರಲಿಲ್ಲ.

ನನ್ನ ಹೆಸರು ಅರುಂಧತಿ. ಊರು ಕಿರುಗಾವಲಿನ ಪಕ್ಕ. ಕೆಂಪಸಿದ್ದಯ್ಯನದೂ ಅದೇ ಊರು, ಅದೇ ಬೀದಿ. ಅವನಿಗೆ ಅರವತ್ತು ದಾಟಿದೆ. ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಯಾರೂ ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಡೆ ಹೆತ್ತ ಅಪ್ಪನನ್ನೂ ಬಾ, ಹೋಗು ಅಂತಲೇ ಕರೆಯುವುದು. ನಾನು ಅವನನ್ನು ಮಾವ ಅನ್ನುತ್ತಿದ್ದೆ. ಅವನು ನನ್ನನ್ನು 'ಮಗ' ಅನ್ನುತ್ತಿದ್ದ. ಹೆಣ್ಣುಮಕ್ಕಳಿಗೂ ನಮ್ಮಲ್ಲಿ ಹಾಗೇ. ಬೈಸಿಕೊಂಡ ಮೇಲೂ, "ಆಯ್ತು ಬುಡು ಮಗ, ಟೀ ಕುಡ್ಕಂಡು ಮಿಕ್ಕಿದ್ದ ಬೈಯಿ" ಅನ್ನುತ್ತಿದ್ದ.

ನಾವು ಮಾಡುತ್ತಿದ್ದದ್ದು ಕೇಳಲು ದೊಡ್ಡದು, ನೋಡಲು ಚಿಕ್ಕದು. ಅಂಗೈಯಲ್ಲಿ ಹಿಡಿಯುವಷ್ಟು ಬಿಳಿ ಪ್ಲಾಸ್ಟಿಕ್ಕಿನ ಒಂದು ದಿಮ್ಮಿ, ಅದರ ಮುಖದಲ್ಲಿ ಎರಡು ಸಾಲು ಸ್ಟೀಲ್ ಸೂಜಿ, ಸಾಲಿಗೆ ನಾಲ್ಕು. ಇದನ್ನು ನಾವು ಸೂಜಿತಲೆ ಅನ್ನುತ್ತಿದ್ದೆವು. ಕ್ಯಾನ್ಸರ್ ಗಂಟಿಗೆ ಔಷಧಿ ಕೊಟ್ಟು, ಸೂಜಿಗಳನ್ನು ಗಂಟಿನ ಎರಡು ಬದಿಗೆ ಚುಚ್ಚಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನ ಕರೆಂಟಿನ ಹೊಡೆತವನ್ನು ಎಂಟು ಸಲ ಕೊಡಬೇಕು. ಆಗ ಜೀವಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಕಿಂಡಿ ಬೀಳುತ್ತವೆ. ಹೊಸ್ತಿಲಲ್ಲೇ ನಿಂತಿದ್ದ ಔಷಧಿ ಒಳಗೆ ನುಗ್ಗುತ್ತದೆ. ಗಂಟು ಒಣಗಿ ಉದುರುತ್ತದೆ. ಹೊರದೇಶಗಳಲ್ಲಿ ಇದು ಹೊಸತೇನಲ್ಲ. ನಮ್ಮ ಜಿಲ್ಲೆಯವರ ಕೈಗೆಟುಕುವಂಥದ್ದನ್ನು ಇಲ್ಲೇ ಮಾಡಬೇಕು ಅನ್ನುವುದು ನನ್ನ ಹಟ. ಕತೆಯೆಲ್ಲಾ ಇರುವುದು ಆ ಎರಡು ಸಾಲಿನ ನಡುವಿನ ಅಂತರದಲ್ಲಿ. ಎಂಟು ಮಿಲಿಮೀಟರ್. ದೂರವಾದರೆ ನಡುವಿನ ಕೋಶ ಬದುಕಿಬಿಡುತ್ತದೆ, ಹತ್ತಿರವಾದರೆ ಚರ್ಮ ಸುಡುತ್ತದೆ.

ಇಂಥ ನಾಜೂಕಿನ ಕೆಲಸಕ್ಕೆ ಕಬ್ಬಿನ ಗಾಣ ರಿಪೇರಿ ಮಾಡುವವನನ್ನು ಯಾಕೆ ಹಿಡಿದೆ ಎಂದು ಕಾಲೇಜಿನಲ್ಲಿ ಎಲ್ಲರೂ ಕೇಳಿದರು. ಕೇಳಲಿ. ದೊಡ್ಡ ಕಂಪನಿಗಳು ಸಾವಿರ ಪೀಸಿಗೆ ಕಡಿಮೆ ಮುಟ್ಟುವುದೇ ಇಲ್ಲ ಎಂದವು. ನನಗೆ ಬೇಕಿದ್ದದ್ದು ಒಂದು. ಅದು ಸರಿಬಾರದಿದ್ದರೆ ಇನ್ನೊಂದು. ಕೆಂಪಸಿದ್ದಯ್ಯ ಒಂದನ್ನೇ ಮಾಡುತ್ತಿದ್ದ, ಕೆಟ್ಟರೆ ಮುಖ ಸಿಂಡರಿಸದೆ ಇನ್ನೊಂದು ಮಾಡುತ್ತಿದ್ದ. ಚಿಕ್ಕಂದಿನಲ್ಲೇ ಆಲೆಮನೆ ಸೇರಿ, ಗಾಣದ ಉರುಳೆ ಸವೆದಾಗ ಬರುತ್ತಿದ್ದ ಮದ್ದೂರಿನ ಮೇಸ್ತ್ರಿಯ ಬೆನ್ನು ಬಿದ್ದು ಲೇತ್ ಕಲಿತವನು. ಹೆಂಡತಿ ಮಂಚಮ್ಮ ಸಿಕ್ಕಿದ್ದೂ ಆಲೆಮನೆಯಲ್ಲೇ. ಅವಳು ಗಾಣಕ್ಕೆ ಕಬ್ಬು ಕೊಡುತ್ತಿದ್ದಳು. "ಇವ್ನು ಉರುಳೆ ನೋಡ್ತಾವ್ನೋ ನನ್ನ ನೋಡ್ತಾವ್ನೋ ಗೊತ್ತಾಗ್ದೆ ಒಂದ್ಸಲ ಬೆಳ್ಳೇ ಕೊಟ್ಬುಟ್ಟಿದ್ದೆ ಕಣವ್ವ" ಎಂದು ನಗುತ್ತಾ ತೋರುಬೆರಳಿನ ಸೊಟ್ಟ ಉಗುರು ತೋರಿಸುತ್ತಿದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷ, ಮಕ್ಕಳಿಲ್ಲ. ಶೆಡ್ಡಿನ ಹಿಂದೆಯೇ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮಂಟೇಸ್ವಾಮಿ ಪಟ. ಜಗಳವಾಡದೆ ಇರೋದು ಈ ಮನೇಲಿ ಇವರಿಬ್ಬರೇ ಅನ್ನುತ್ತಿದ್ದಳು ಮಂಚಮ್ಮ.

ಆಲೆಮನೆಯಲ್ಲಿ ಕಲಿತದ್ದು ಅವನ ಕೈ ಬಿಟ್ಟಿರಲಿಲ್ಲ. ಅಳತೆಯೆಲ್ಲಾ ನೂಲಿನಲ್ಲೇ. ಅಂಗುಲಕ್ಕೆ ಎಂಟು ನೂಲು, ಅಷ್ಟರಲ್ಲಿ ಅವನ ಲೋಕ ಮುಗಿಯುತ್ತಿತ್ತು. ನಾನು ಕೊಟ್ಟ ಡ್ರಾಯಿಂಗ್ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಎಂಟು ಮಿಲಿ ಅಂದ್ರೆ ಎರಡೂವರೆ ನೂಲು. ಗೊತ್ತಾಯ್ತು ಬುಡು" ಎಂದ. ನಾನು ಗುಣಿಸಿ ನೋಡಿದೆ. ಏಳು ಪಾಯಿಂಟ್ ಒಂಬತ್ತು ನಾಲ್ಕು. ಕೂದಲೆಳೆಯಷ್ಟು ವ್ಯತ್ಯಾಸ, ಪರವಾಗಿಲ್ಲ ಎಂದು ಸುಮ್ಮನಾದೆ. ಸುಮ್ಮನಾದದ್ದು ನನ್ನ ತಪ್ಪು.

ಸೂಜಿತಲೆಯನ್ನು ಮೊದಲು ಪರೀಕ್ಷಿಸುವುದು ಆಲೂಗಡ್ಡೆಯ ಮೇಲೆ. ನಗಬೇಡಿ, ಪ್ರಪಂಚದಲ್ಲೆಲ್ಲಾ ಹಾಗೇ ಮಾಡುವುದು. ಹೊಡೆತ ಬಿದ್ದ ಭಾಗ ಮಾರನೆಯ ದಿನಕ್ಕೆ ಕಪ್ಪಾಗುತ್ತದೆ, ಎಲ್ಲಿಯವರೆಗೆ ಕೆಲಸ ಮಾಡಿದೆ ಎಂದು ಕಣ್ಣಿಗೇ ಕಾಣುತ್ತದೆ. ನಮ್ಮ ಆಲೂಗಡ್ಡೆ ಎರಡು ಪಕ್ಕ ಕಪ್ಪಾಯಿತು, ನಡುವೆ ಒಂದು ಬಿಳಿ ಪಟ್ಟೆ ಹಾಗೇ ಉಳಿಯಿತು. ಹೊಡೆತ ಕೊಡುವ ಯಂತ್ರದ ತಪ್ಪೇನೋ ಎಂದು ಯಂತ್ರ ಬಿಚ್ಚಿದೆ. ವೈರು ಬದಲಿಸಿದೆ. ಮಂಡ್ಯ ಮಾರ್ಕೆಟ್ಟಿನ ಆಲೂಗಡ್ಡೆಯೇ ಸರಿಯಿಲ್ಲವೇನೋ ಎಂದು ಮದ್ದೂರಿನಿಂದ ತರಿಸಿದೆ. ಮೂರು ವಾರ ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ಕ್ಯಾಲಿಪರ್ ಹಿಡಿದು ಸೂಜಿಯ ಸಾಲನ್ನೇ ಅಳೆದರೆ ಒಂಬತ್ತೂವರೆ ಮಿಲಿಮೀಟರ್!

ಅವತ್ತು ಸೋಮನಹಳ್ಳಿಗೆ ಹೋದವಳು ಸ್ಕೂಟರಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ, ಗೋಡೆಗೆ ಒರಗಿಸಿ ನುಗ್ಗಿದೆ. ಸಿಟ್ಟು ಬಂದರೆ ನನ್ನ ಡಿಗ್ರಿಗಳೆಲ್ಲಾ ಉದುರಿ ಊರಿನ ನಾಲಿಗೆ ಬಂದುಬಿಡುತ್ತದೆ.

"ಏನ್ ಮಾಡಿದ್ದೀಯ ಮಾವ ನೀನು? ಎರಡೂವರೆ ಅಂದೋನು ಮೂರು ನೂಲು ಇಟ್ಟಿದ್ದೀಯಲ್ಲ, ಕಣ್ಣೆಲ್ಲಿ ಮಡಗಿದ್ದೆ?"

ಅವನಿಗೆ ಗಾಬರಿಯೇ ಇಲ್ಲ. ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಎರಡೂವರೇನೇ ಕಣ್ ಮಗ. ಮಿಕ್ಕಿದ್ ಅರ್ಧ ನೂಲು ಕೊಸರು" ಎಂದ.

"ಏನು?"

"ಕೊಸರು. ನಿಂಗೆ ಅಂತ ಅರ್ಧ ನೂಲು ಜಾಸ್ತಿ ಬುಟ್ಟಿವ್ನಿ. ಗೀಟಿಗೆ ಗೀಟು ಅಳ್ದು ಕೊಡಕ್ಕೆ ನಾನೇನ್ ಜೀನನಾ?"

ನಾನು ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕುಸಿದು ಕೂತೆ. ನಮ್ಮ ಸಂತೆಯಲ್ಲಿ ಒಂದು ಸೇರು ಕಾಳು ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕದವನನ್ನು ಮನುಷ್ಯ ಅನ್ನುವುದಿಲ್ಲ. ಹಾಲಿನವಳು ಅಳತೆ ಮುಗಿದ ಮೇಲೆ ಇನ್ನೊಂದು ತೊಟ್ಟು ಬಿಡಬೇಕು, ಸೊಪ್ಪಿನವಳು ಕಟ್ಟಿಗೆ ಎರಡು ಕಡ್ಡಿ ಸಿಕ್ಕಿಸಬೇಕು. ಅಳತೆ ಅಂಗಡಿಯದು, ಕೊಸರು ಮನಸ್ಸಿನದು. ಬೇಕಾದವರು ಅಂದರೆ ಕೊಸರು ಕೇಳದೆಯೇ ಬರಬೇಕು. ಅಂಥ ಊರಿನಲ್ಲಿ ಬೆಳೆದವನು ಕ್ಯಾನ್ಸರ್ ಸೂಜಿಗೂ ಕೊಸರು ಕೊಟ್ಟಿದ್ದ. ಪ್ರೀತಿಯಿಂದ ಕೊಟ್ಟದ್ದು, ನಿಜ. ಆದರೆ ಆ ಬಿಳಿ ಪಟ್ಟೆ ಆಲೂಗಡ್ಡೆಯ ಬದಲು ಒಬ್ಬರ ಮೈಯಲ್ಲಿ ಉಳಿದಿದ್ದರೆ ಗಂಟು ಅಲ್ಲಿಂದಲೇ ಮತ್ತೆ ಚಿಗುರುತ್ತಿತ್ತು.

"ಇದರಲ್ಲಿ ಕೊಸರು ಅನ್ನೋದಿಲ್ಲ ಮಾವ. ಎಂಟು ಅಂದ್ರೆ ಎಂಟು. ಕೊಸರು ಕೊಟ್ರೆ ಜೀವ ಹೋಯ್ತದೆ!"

ನಾನು ಕೂಗಿದ್ದು ಟೀ ಅಂಗಡಿಗೂ ಕೇಳಿಸಿತಂತೆ. ಮಾರನೆಯ ದಿನ ಒಂದು ಡಿಜಿಟಲ್ ಕ್ಯಾಲಿಪರ್ ತಂದು ಅವನ ಮೇಜಿನ ಮೇಲೆ ಕುಕ್ಕಿದೆ. ಇನ್ನು ನೂಲು ಅನ್ನುವ ಮಾತು ಕಿವಿಗೆ ಬಿದ್ದರೆ ಈ ಶೆಡ್ಡಿಗೆ ಕಾಲಿಡುವುದಿಲ್ಲ ಎಂದೆ. ಮಂಚಮ್ಮ ಮನೆಯ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. "ಮೂವತ್ತೆಂಟ್ ವರ್ಸದಿಂದ ನಾನ್ ಕೂಡಾಕಿದ್ದ ಬೈಗುಳ್ವ ನೀನ್ ಒಂದೇ ದಿನಕ್ಕೆ ಕಾಲಿ ಮಾಡ್ಬುಟ್ಟೆ ಕಣವ್ವ. ಬಾ, ಉಣ್ಣೀವಂತೆ" ಎಂದು ಒಳಗೆ ಕರೆದು ಮುದ್ದೆ ಇಕ್ಕಿದಳು. ಮುದ್ದೆಗೂ ಕೊಸರಿತ್ತು.

ಮಂಚಮ್ಮನ ವಿಷಯ ಈಗ ಹೇಳಬೇಕು. ಎಷ್ಟು ಸುತ್ತಿ ಬಳಸಿದರೂ ಹೇಳಲೇಬೇಕು. ಎಡ ಮೊಲೆಯ ಕ್ಯಾನ್ಸರಿಗೆ ಅವಳಿಗೆ ಮೈಸೂರಿನಲ್ಲಿ ಆಪರೇಷನ್ ಆಗಿ ಆಗಲೇ ಮೂರು ವರ್ಷವಾಗಿತ್ತು. ಹೋಯಿತು ಅಂದುಕೊಂಡಿದ್ದರು. ಹೊಲಿಗೆಯ ಗೆರೆಯ ಮೇಲೆ ಹೆಸರುಕಾಳಿನಂಥ ಗಂಟುಗಳು ಎದ್ದವು. ಮೊದಲು ಎರಡು, ಆಮೇಲೆ ಐದು. ಮತ್ತೆ ಕೊಯ್ಯಲು ಚರ್ಮ ಉಳಿದಿರಲಿಲ್ಲ, ಕರೆಂಟು ಇಡುವುದು ಅಂತ ಜನ ಹೇಳುವ ಕಿರಣ ಚಿಕಿತ್ಸೆಯನ್ನೂ ಕೊಡುವಷ್ಟು ಕೊಟ್ಟಾಗಿತ್ತು. ಗುಳಿಗೆ ನುಂಗಿಸಿ ನೋಡೋಣ ಎಂದರು ಅಲ್ಲಿನ ಕ್ಯಾನ್ಸರ್ ಡಾಕ್ಟರು ಮಂಜುಶ್ರೀ. ಇದನ್ನೆಲ್ಲ ನನಗೆ ಹೇಳಿದ್ದು ಕೆಂಪಸಿದ್ದಯ್ಯನಲ್ಲ, ಮಂಚಮ್ಮನೇ. ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ ಹೇಳಿದಳು.

ನಮ್ಮ ಸೂಜಿತಲೆ ಇರುವುದೇ ಅಂಥ ಗಂಟಿಗೆ. ಚರ್ಮದ ಮೇಲಿನದು, ಚಿಕ್ಕದು, ಬೇರೆ ದಾರಿಯಿಲ್ಲದ್ದು. "ಮಗ, ಇದು ಮನುಸ್ರಿಗೆ ಯಾವಾಗ?" ಎಂದು ಕೆಂಪಸಿದ್ದಯ್ಯ ಪದೇ ಪದೇ ಯಾಕೆ ಕೇಳುತ್ತಿದ್ದ ಎಂದು ನನಗೆ ಅವತ್ತು ಅರ್ಥವಾಯಿತು. ಪ್ರತಿ ಸಲವೂ "ಇನ್ನೊಂದು ಆರು ತಿಂಗಳು" ಅನ್ನುತ್ತಿದ್ದೆ. ಸುಳ್ಳಲ್ಲ, ನಾನೂ ಹಾಗೇ ನಂಬಿದ್ದೆ. ಅಂಥ ಆರು ತಿಂಗಳು ಮೂರು ಸಲ ಕಳೆದವು.

ಮನುಷ್ಯರಿಗಿಂತ ಮುಂಚೆ ಪ್ರಾಣಿಗಳ ಮೇಲೆ ನೋಡಬೇಕು. ಅದಕ್ಕೆ ಅನುಮತಿ ಬಂತು. ಮಳವಳ್ಳಿಯ ಪಶುವೈದ್ಯ ಜಯಪ್ರಕಾಶ್ ಒಪ್ಪಿಕೊಂಡರು. ಅಂಕಮ್ಮ ಎಂಬ ಹೆಂಗಸಿನ ನಾಯಿ ಕರಿಯನಿಗೆ ತುಟಿಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟು, ತಿನ್ನಲೂ ಆಗದೆ ಜೊಲ್ಲು ಸುರಿಸುತ್ತಿತ್ತು. ಮಂಪರು ಕೊಟ್ಟು, ಔಷಧಿ ಕೊಟ್ಟು, ಎಂಟು ಹೊಡೆತ ಕೊಟ್ಟೆವು. ಮಾಡಿದವನೂ ನೋಡಲಿ ಎಂದು ಕೆಂಪಸಿದ್ದಯ್ಯನನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕು ವಾರ ಬಿಟ್ಟು ಮತ್ತೆ ಹೋದಾಗ ಗಂಟು ಹಕ್ಕಳೆಯಾಗಿ ಉದುರಿತ್ತು, ಅಡಿಯಲ್ಲಿ ಎಳೆಯ ಚರ್ಮ ಬಂದಿತ್ತು. ನಾಯಿ ಅಂಕಮ್ಮನ ಸೆರಗು ಹಿಡಿದು ಎಳೆದಾಡುತ್ತಿತ್ತು. "ಗೆದ್ದ್ರಿ ಮೇಡಂ" ಎಂದು ಜಯಪ್ರಕಾಶ್ ಕೈ ಕುಲುಕಿದರು. ಕೆಂಪಸಿದ್ದಯ್ಯ ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ತುಟಿಯನ್ನೇ ನೋಡುತ್ತಿದ್ದ. ಮದ್ದೂರಿನಲ್ಲಿ ಬಸ್ಸು ಇಳಿಯುವಾಗ, "ನಾಯಿ ಮಾಡಿರೋ ಪುಣ್ಯ ನೋಡು" ಎಂದಷ್ಟೇ ಅಂದ.

ಅವನನ್ನು ಕರೆದುಕೊಂಡು ಹೋಗಬಾರದಿತ್ತು.

ಮೂರು ದಿನ ಬಿಟ್ಟು ಶೆಡ್ಡಿಗೆ ಹೋದೆ. ಕರೆಂಟು ಹೋಗಿ ಲೇತು ನಿಂತಿತ್ತು. ಅವನು ಸ್ಟೂಲಿನ ಮೇಲೆ ಕೂತಿದ್ದ, ನನ್ನನ್ನು ಕಂಡು ಎದ್ದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಮಗ, ಮಂಚಿಗೆ ಒಂದ್ಸಲ ಮಾಡ್ಬುಡು."

ಏನು ಅಂತ ಕೇಳುವ ಅಗತ್ಯವೇ ಇರಲಿಲ್ಲ.

"ಮಿಸೀನು ನಿನ್ ತಾವದೆ. ಔಸ್ದಿ ಡಾಕ್ಟ್ರು ತಾವದೆ. ಸೂಜಿ ನಾನ್ ಮಾಡ್ಕೊಡ್ತೀನಿ. ಅರ್ಧ ಗಂಟೆ ಕೆಲ್ಸ. ಯಾರ್ಗೂ ಏಳಕ್ಕಿಲ್ಲ, ಆ ಮಂಟೇಸ್ವಾಮಿ ಆಣೆ."

"ಮಾವ, ನಾಯಿ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ. ಎದೆ ಮೇಲಿರೋ ಗಂಟು ಅದು, ಕೆಳಗೇ ಹೃದಯ ಇದೆ. ನೋಡಿಕೊಳ್ಳಕ್ಕೆ ಡಾಕ್ಟರು ಬೇಕು, ಅರಿವಳಿಕೆ ಬೇಕು. ಅನುಮತಿ ಇಲ್ಲದೆ ಮಾಡಿ ಹೆಚ್ಚುಕಮ್ಮಿ ಆದ್ರೆ?"

"ಏನಾಯ್ತದೆ? ಸಾಯ್ತಾಳೆ. ಮಾಡ್ದೆ ಇದ್ರೆ?"

ಇಂಥ ಮಾತಿಗೆ ನನಗೆ ಬರುವುದು ಸಿಟ್ಟು ಒಂದೇ. ಅದು ಬರುವ ಮುಂಚೆ ಅವನು ಇನ್ನೊಂದು ಮಾತು ಅಂದ. ಅದು ಇವತ್ತಿಗೂ ಕಿವಿಯಲ್ಲಿದೆ.

"ಅಳ್ತೆ ಪರ್ಕಾರ ಕೊಡು ಅಂತ ಕೇಳ್ತಿಲ್ಲ ಕಣ್ ಮಗ. ಕೊಸರು ಅನ್ಕಂಡು ಕೊಡು. ಇಷ್ಟ್ ದಿನ ಮಾಡ್ಕೊಟ್ಟಿವ್ನಲ್ಲ, ಅದುಕ್ಕೆ ಒಂದ್ ಕೊಸರು."

"ಇದರಲ್ಲಿ ಕೊಸರಿಲ್ಲ ಅಂತ ಎಷ್ಟ್ ಸಲ ಬಡ್ಕೋಬೇಕು ನಾನು?" ಎಂದು ಕಿರುಚಿದೆ. "ಕದ್ದುಮುಚ್ಚಿ ಚುಚ್ಚಕ್ಕೆ ಅವಳೇನು ನಾಯಿನಾ? ಒಂದು ಹೆಚ್ಚುಕಮ್ಮಿ ಆದ್ರೆ ಎಲ್ಲಾ ಮುಚ್ಚಿಸಿ ಸೀಲ್ ಹಾಕ್ತಾರೆ. ನನ್ನ ಹನ್ನೊಂದು ವರ್ಷಕ್ಕೆ ಮಣ್ಣು ಹಾಕಬೇಡ!"

ಆ ಕೊನೆಯ ಮಾತು ಆಡಬಾರದಿತ್ತು. ಅವಳ ಜೀವದ ಮಾತು ಬಂದಾಗ ನಾನು ನನ್ನ ವರ್ಷ ಎಣಿಸಿದ್ದೆ. ಅವನು ಜಗಳಕ್ಕೆ ಬರಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕರೆಂಟು ಬಂತು. ಲೇತಿನ ಕಡೆ ತಿರುಗಿ, "ಆಯ್ತು ಬುಡಿ ಮೇಡಂ" ಎಂದ.

ಅವನ ಬಾಯಲ್ಲಿ ಮೇಡಂ ಅಂತ ಕೇಳಿದ್ದು ಅದೇ ಮೊದಲು. ಆಮೇಲೆ 'ಮಗ' ಅನ್ನಲೇ ಇಲ್ಲ. ಕೆಲಸ ಮಾತ್ರ ಹಿಂದಿಗಿಂತ ಅಚ್ಚುಕಟ್ಟಾಗಿ ಮಾಡಿಕೊಟ್ಟ. ಕ್ಯಾಲಿಪರಿನಲ್ಲಿ ಅಳೆದು, ಹಾಳೆಯಲ್ಲಿ ಬರೆದು, ಒಂದೊಂದರ ಬೆನ್ನಿಗೂ ನಾನು ಹೇಳಿದ ನಂಬರು ಕೆತ್ತಿ ಕೊಡುತ್ತಿದ್ದ. ಬೈಯಲು ಒಂದು ತಪ್ಪೂ ಸಿಗುತ್ತಿರಲಿಲ್ಲ. ಟೀ ಅಂಗಡಿಯವನು ನನ್ನ ಸ್ಕೂಟರು ಕಂಡರೆ ಕೂಗುವುದನ್ನೂ ಬಿಟ್ಟಿದ್ದ.

ಒಂದು ಮಧ್ಯಾಹ್ನ ಅವನು ಮದ್ದೂರಿಗೆ ಹೋಗಿದ್ದಾಗ ಮಂಚಮ್ಮ ನನ್ನನ್ನು ಒಳಗೆ ಕರೆದಳು. ಇಳಿದುಹೋಗಿದ್ದಳು. ಎಲೆ ಅಡಿಕೆ ಚೀಲದ ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಅವುನ್ಗೆ ಬೈದಂತೆ."

"ಹೂಂ ಅತ್ತೆ."

"ಒಳ್ಳೇದೇ ಮಾಡ್ದೆ ಬುಡು. ಅವುನ್ದು ಕೋಣನ ಬುದ್ಧಿ. ನಿನ್ ಮನೆ ಹಾಳಾಗದು ನಂಗ್ ಬ್ಯಾಡ." ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಇಟ್ಟುಕೊಂಡಿದ್ದಳು. "ಒಂದ್ ಮಾತ್ ಕೇಳ್ತೀನಿ, ಬೈಬ್ಯಾಡ. ಅದು ಮಾಡುದ್ರೆ ನಾತ ನಿಲ್ತದಾ?"

ಸೆರಗು ಸರಿಸಿದಳು. ಹೆಸರುಕಾಳುಗಳು ಒಂದಕ್ಕೊಂದು ಕೂಡಿ ಒಡೆದಿದ್ದವು. ಬಟ್ಟೆ ಕಟ್ಟಿದ್ದರೂ ವಾಸನೆ ಬರುತ್ತಿತ್ತು.

"ಬದುಕ್ಸು ಅಂತ ನಾನ್ ಕೇಳ್ತಿಲ್ಲ. ಅವ್ನು ಪಕ್ಕದಲ್ಲೇ ಮನಿಕ್ಕತಾನೆ, ಅಂಗೇ ಮೊಕ ಈ ಕಡೀಕ್ಕೇ ಮಾಡ್ಕತಾನೆ. ಆಚೆಗ್ ತಿರೀಕೊಳ್ಲಾ ಅಂದ್ರೆ ಕೇಳಕ್ಕಿಲ್ಲ. ನಾತ ನಿಂತ್ರೆ ಸಾಕಾಗಿತ್ತು ನೋಡು."

ನಿಲ್ಲುತ್ತದೆ. ಎಷ್ಟೋ ಜನಕ್ಕೆ ನಿಂತಿದೆ, ಓದಿದ್ದೇನೆ. ಗಂಟು ಒಣಗಿದರೆ ವಾಸನೆಯೂ ಹೋಗುತ್ತದೆ. "ನಿಲ್ತದೆ ಅತ್ತೆ. ಅರ್ಜಿ ಹಾಕ್ತೀನಿ. ಮೊದಲನೇ ಹೆಸರು ನಿಂದೇ" ಎಂದೆ. ಅವಳು ನನ್ನ ತಲೆ ಸವರಿದಳು. ನಾನು ಹೊರಗೆ ಬಂದು ಸ್ಕೂಟರಿನ ಮೇಲೆ ಕೂತು ಅತ್ತುಬಿಟ್ಟೆ. ಎದುರಿನ ಟೀ ಅಂಗಡಿಯವನು ಹಿಂದಕ್ಕೆ ತಿರುಗಿಕೊಂಡು ಲೋಟ ತೊಳೆದ.

ಅರ್ಜಿ ಹಾಕಿದೆ. ಡಾಕ್ಟರ್ ಮಂಜುಶ್ರೀ ತಾವೇ ಮಾಡುವುದಾಗಿ ಸಹಿ ಹಾಕಿದರು, ಒಳ್ಳೆಯ ಹೆಣ್ಣುಮಗಳು. ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡಬೇಕಾದ ಸಮಿತಿ ಎರಡು ತಿಂಗಳಿಗೊಮ್ಮೆ ಕೂರುತ್ತದೆ. ಮೊದಲ ಸಲ ರೋಗಿಗಳು ಸಹಿ ಹಾಕಬೇಕಾದ ಕನ್ನಡದ ಒಪ್ಪಿಗೆ ಪತ್ರ ಇನ್ನೂ ಸರಳವಾಗಲಿ ಎಂದು ವಾಪಸ್ ಬಂತು. ಎರಡನೇ ಸಲ ಪ್ರತಿ ಸೂಜಿತಲೆಯ ನಂಬರು, ಅಳತೆ, ತಯಾರಿಸಿದ ದಿನ ಸೇರಿಸಿ ಎಂದರು. ಸೇರಿಸಿದೆ. ಮೂರನೇ ಸಲ ಸಭೆಯೇ ಮುಂದಕ್ಕೆ ಹೋಯಿತು. ಅವರು ಕೇಳಿದ್ದು ಒಂದೂ ತಪ್ಪಲ್ಲ. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಕೇಳುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಸಿಟ್ಟಿಗೂ ಸುಸ್ತಾಗುತ್ತದೆ ಎಂದು ಆ ವರ್ಷ ನನಗೆ ಗೊತ್ತಾಯಿತು.

ದೀಪಾವಳಿ ಕಳೆದು ಹತ್ತನೆಯ ದಿನ ಮಂಚಮ್ಮ ಹೋದಳು. ಊರಿನಲ್ಲೇ ಮಣ್ಣು ಮಾಡಿದರು. ಅದಕ್ಕೂ ಮುಂಚೆ ನಾನು ಹೋದಾಗ ಕೆಂಪಸಿದ್ದಯ್ಯ ಅವಳ ತಲೆಯ ಹತ್ತಿರ ಕೂತಿದ್ದ. ಊದುಬತ್ತಿ ಕಟ್ಟುಗಟ್ಟಲೆ ಹಚ್ಚಿದ್ದರು. ಬಂದವರು ಮೂಗಿಗೆ ಸೆರಗು ಹಿಡಿದರೆ ಅವನು ಅವರ ಮುಖವನ್ನೇ ದಿಟ್ಟಿಸುತ್ತಿದ್ದ, ಅವರು ಸೆರಗು ಇಳಿಸುತ್ತಿದ್ದರು. ನಾನು ಪಕ್ಕ ಕೂತೆ. "ಬಂದ್ರಾ" ಎಂದ. ಅಷ್ಟೇ. ತಿಥಿ ಮುಗಿದ ಮಾರನೆಯ ದಿನವೇ ಶೆಡ್ಡು ತೆಗೆದ.

ಸಮಿತಿಯ ಒಪ್ಪಿಗೆ ಪತ್ರ ಬಂದದ್ದು ನಾಲ್ಕು ತಿಂಗಳ ಮೇಲೆ. ಇಷ್ಟು ವರ್ಷ ಕಾದಿದ್ದ ಹಾಳೆ ಅದು. ಕೈಗೆ ಬಂದಾಗ ಪ್ರಿನ್ಸಿಪಾಲರು ಸಿಹಿ ಹಂಚಿದರು. ನನಗೆ ನಿದ್ದೆ ಬಂದ ಹಾಗಾಗುತ್ತಿತ್ತು. ಸೋಮನಹಳ್ಳಿಗೆ ಹೋಗಿ ಹೇಳದೆ ಇರಲು ಆಗಲಿಲ್ಲ. ಹೇಳಿದೆ. ಕೆಂಪಸಿದ್ದಯ್ಯ ಲೇತ್ ನಿಲ್ಲಿಸಿ, ಮನೆಯೊಳಗೆ ಹೋಗಿ, ಮಂಚಮ್ಮನ ಎಲೆ ಅಡಿಕೆ ಚೀಲ ತಂದ. ದಾರ ಬಿಚ್ಚಿ ಒಳಗಿದ್ದದ್ದನ್ನು ನನ್ನ ಕೈಗೆ ಹಾಕಿದ. ಒಂದು ಸೂಜಿತಲೆ. ಬೆನ್ನಿನ ಮೇಲೆ ನಂಬರಿರಲಿಲ್ಲ.

"ನಾಯಿ ನೋಡ್ಕಂಡ್ ಬಂದ್ನಲ್ಲ, ಅದ್ರ ಮಾರ್ನೆ ದಿನ ಮಾಡಿದ್ದು. ಒಸ್ದೇ ಅದೆ, ಎಲ್ಲೂ ಮುಟ್ಟಿಸಿಲ್ಲ. ಇದ್ನೂ ಸೇರುಸ್ಕಳಿ, ಯಾರ್ಗಾರಾ ಆಯ್ತದೆ."

ನಂಬರಿಲ್ಲದ್ದನ್ನು ಯಾರಿಗೂ ಬಳಸುವಂತಿಲ್ಲ. ಅದು ಅವನಿಗೂ ಗೊತ್ತು, ಎಷ್ಟೋ ಸಲ ಕೆತ್ತಿದ್ದಾನೆ. ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಯಾರೂ ಇಲ್ಲದಾಗ ಅದನ್ನು ಮೇಜಿನ ಮೇಲೆ ಇಟ್ಟು ಕ್ಯಾಲಿಪರ್ ತೆಗೆದುಕೊಂಡೆ. ಒಂದು ಮಾತು ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಅದು ತಪ್ಪಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಮೂರು ನೂಲಿರಲಿ, ಎರಡು ನೂಲಿರಲಿ. ಹೆಂಡತಿಯ ಮೇಲಿನ ಪ್ರೀತಿಗೆ ಅರ್ಧ ನೂಲು ಕೊಸರು ಬಿಟ್ಟಿರಲಿ. ಬಿಟ್ಟಿದ್ದರೆ, ಅವತ್ತು ನಾನು ಒಪ್ಪಿದ್ದರೂ ಕೆಲಸ ಕೆಡುತ್ತಿತ್ತು, ಅವಳಿಗೆ ಇನ್ನಷ್ಟು ನೋವಾಗುತ್ತಿತ್ತು, ಬೇಡ ಎಂದದ್ದೇ ಸರಿಯಾಯಿತು ಎಂದುಕೊಂಡು ಒಂದು ದಿನವಾದರೂ ಹಗುರಾಗಿ ಮನೆಗೆ ಹೋಗುತ್ತಿದ್ದೆ.

ಮೊದಲನೇ ಜೋಡಿ ಸೂಜಿಗೆ ಹಿಡಿದೆ. ಎಂಟು ಪಾಯಿಂಟ್ ಸೊನ್ನೆ ಸೊನ್ನೆ. ಎರಡನೆಯದು ಎಂಟು. ಮೂರನೆಯದು ಎಂಟು. ನಾಲ್ಕನೆಯದನ್ನು ಮೂರು ಸಲ ಅಳೆದೆ. ಎಂಟು. ನಾಯಿಗೆ ಬಳಸಿದ್ದರಲ್ಲೂ ಇದ್ದ ಅವನ ಎರಡೂವರೆ ನೂಲಿನ ಏಳು ಪಾಯಿಂಟ್ ಒಂಬತ್ತು ನಾಲ್ಕೂ ಅಲ್ಲ. ಆಲೆಮನೆಯಿಂದ ಬಂದ ಆ ಕೈ ಜೀವನದಲ್ಲಿ ಮೊದಲ ಸಲ ನೂಲು ಬಿಟ್ಟು ಮಿಲಿಮೀಟರ್ ಹಿಡಿದದ್ದು ಇದರಲ್ಲಿ.

ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಅವನೇ. ಹಿಂದೆ ಲೇತಿನ ಸದ್ದು.

"ಅಳ್ದ್ರಾ?"

ಸುಳ್ಳು ಹೇಳಬಹುದಿತ್ತು. ಕೊಸರು ಬಿಟ್ಟಿದ್ದೀಯ ಮಾವ, ಹೇಗೂ ಆಗುತ್ತಿರಲಿಲ್ಲ ಎಂದರೆ ಅವನಿಗೆ ನನ್ನ ಮೇಲಿನ ಸಿಟ್ಟಾದರೂ ಇಳಿಯುತ್ತಿತ್ತೇನೋ. ಆದರೆ ತಪ್ಪು ಅವನ ಕೈಯದಾಗುತ್ತಿತ್ತು. ಆ ಕೈಯ ಮೇಲೆ ಅಂಥ ಹೊರೆ ಹಾಕಲು ನನ್ನಿಂದ ಆಗಲಿಲ್ಲ.

"ಅಳೆದೆ ಮಾವ. ಸರಿಯಾಗೇ ಇದೆ. ನಾಲ್ಕೂ ಎಂಟೇ."

ಅವನು ಲೇತ್ ನಿಲ್ಲಿಸಿದ. ಆಮೇಲೆ ಅವನು ಅಂದ:

"ನಂಗ್ ಗೊತ್ತಿತ್ತು ಬುಡಿ, ಮೇಡಂ."